ಕೊನೆಯ ಪರೀಕ್ಷೆಗೆ ಮೊದಲೇ ಕೆಡುವ ಬ್ಯಾಚ್

ಪ್ರಶ್ನೆ: ನಮ್ಮ ರಾಸಾಯನಿಕ ಘಟಕದಲ್ಲಿ ಒಂದು ಬ್ಯಾಚ್ ಮುಗಿಯಲು ಹತ್ತು ಗಂಟೆ ಬೇಕು. ಮುಗಿದ ಮೇಲೆ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಲ್ಮಶ ಹೆಚ್ಚಾಗಿದೆಯೆಂದು ಆಗಾಗ ಇಡೀ ಬ್ಯಾಚನ್ನೇ ತಿರಸ್ಕರಿಸಬೇಕಾಗುತ್ತದೆ. ಇದನ್ನು ತಡೆಯಲು ದುಬಾರಿ ಉಪಕರಣ ಕೊಳ್ಳಲೇಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಕೊನೆಯ ಪರೀಕ್ಷೆಯನ್ನು ಎಷ್ಟು ಬಿಗಿಗೊಳಿಸಿದರೂ ಅದು ಕೆಟ್ಟ ಬ್ಯಾಚನ್ನು ಗುರುತಿಸೀತೇ ಹೊರತು ಉಳಿಸಲಾರದು. ಕಲ್ಮಶ ಹೆಚ್ಚಾಗಿ ಹುಟ್ಟುವುದು ಕಚ್ಚಾವಸ್ತುವನ್ನು ಬೇಗ ಬೇಗ ಸುರಿದು ತಾಪ ಏರಿದಾಗ, ಇಲ್ಲವೇ ಕ್ರಿಯೆ ಮುಗಿದ ಮೇಲೂ ರಿಯಾಕ್ಟರನ್ನು, ಅಂದರೆ ಕ್ರಿಯೆ ನಡೆಯುವ ಪಾತ್ರೆಯನ್ನು, ಬಿಸಿಯಲ್ಲೇ ಬಿಟ್ಟಾಗ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಬೇಡದ ಕ್ರಿಯೆಗಳು ಇನ್ನೂ ಚುರುಕಾಗುವುದುಂಟು. ಆದ್ದರಿಂದ ಈ ಎರಡು ಹಂತಗಳಲ್ಲೇ ಮಾದರಿ ತೆಗೆಯಿರಿ.

ಆ ಮಾದರಿ ನಂಬುವಂತಿರಬೇಕು. ಮಾದರಿ ತೆಗೆಯುವ ಕವಾಟದ ಕೊಳವೆಯಲ್ಲಿ ಹಿಂದಿನ ಸಲದ ದ್ರವ ನಿಂತಿರುತ್ತದೆ. ಅದನ್ನು ಸುರಕ್ಷಿತವಾಗಿ ಹೊರಹರಿಸದೆ ಸೀಸೆ ತುಂಬಿಕೊಂಡರೆ ಎರಡು ಗಂಟೆ ಹಿಂದಿನ ಸ್ಥಿತಿಯನ್ನೇ ಈಗಿನದೆಂದು ಓದಿದಂತಾಗುತ್ತದೆ. ಬಿಸಿ ಮಾದರಿಯನ್ನು ತಕ್ಷಣ ತಣಿಸದಿದ್ದರೆ ಸೀಸೆಯೊಳಗೂ ಕ್ರಿಯೆ ನಡೆಯುತ್ತಲೇ ಇರುತ್ತದೆ, ಆಮೇಲೆ ಪ್ರಯೋಗಾಲಯದವರನ್ನು ದೂರಿ ಫಲವಿಲ್ಲ. ಪಿಎಚ್ (ಆಮ್ಲೀಯತೆಯ ಅಳತೆ) 5ರ ಸುತ್ತ ಕೆಲಸವಿದ್ದರೆ ಮೀಟರನ್ನು 7ರ ಬಫರಿನಲ್ಲಷ್ಟೇ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಅಲ್ಲ, 4ರದರಲ್ಲೂ ಸರಿಹೊಂದಿಸಬೇಕು.

ಇನ್ನು ದಾಖಲೆಯ ವಿಷಯ. ಪ್ರತಿ ಬ್ಯಾಚಿನ ಅಂಕಿಯನ್ನು ಸಾಲಾಗಿ ಗುರುತಿಸಿ ಅಸಹಜ ಬದಲಾವಣೆಯನ್ನು ಪತ್ತೆಹಚ್ಚಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಗೆ ಗ್ರಾಫ್ ಹಾಳೆ, ಪೆನ್ಸಿಲು ಸಾಕು. ಸಹಜವಾಗಿ ನಡೆದ ಸುಮಾರು ಇಪ್ಪತ್ತೈದು ಬ್ಯಾಚುಗಳ ಕಲ್ಮಶದ ಸರಾಸರಿಗೆ ಒಂದು ಗೆರೆ, ಅದರ ಮೇಲೆ ಕೆಳಗೆ ಮೂರು ಪ್ರಮಾಣಿತ ವಿಚಲನೆಯಷ್ಟು (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬುದರ ಅಳತೆ) ದೂರದಲ್ಲಿ ಎರಡು ಗೆರೆ ಎಳೆಯಿರಿ. ಗ್ರಾಹಕರು ಒಪ್ಪುವ ಮಿತಿಯನ್ನೇ ಈ ಮೇಲಿನ ಗೆರೆಯೆಂದುಕೊಳ್ಳುವುದು ನಾನು ಪದೇ ಪದೇ ಕಾಣುವ ತಪ್ಪು. ಮಿತಿ 0.50 ಶೇಕಡಾ, ನಿಮ್ಮ ಸರಾಸರಿ 0.20 ಎಂದುಕೊಳ್ಳಿ. ಸತತ ಎಂಟು ಬ್ಯಾಚುಗಳು 0.24ರಿಂದ 0.29ರ ನಡುವೆ ಬಂದರೆ ಎಲ್ಲವೂ ತೇರ್ಗಡೆಯಾಗುತ್ತವೆ, ಯಾರೂ ಚಿಂತಿಸುವುದಿಲ್ಲ. ಆದರೆ ಎಂಟೂ ಸರಾಸರಿಯ ಒಂದೇ ಬದಿಯಲ್ಲಿರುವುದು ಕಾಕತಾಳೀಯವಾಗಿರುವ ಸಂಭವ ತೀರಾ ಕಡಿಮೆ. ರಿಯಾಕ್ಟರಿನ ಸುತ್ತ ತಂಪು ದ್ರವ ಹರಿಯುವ ಹೊರಕವಚವಾದ ಜಾಕೆಟ್ಟಿನೊಳಗೆ ಕಿಟ್ಟ ಕಟ್ಟಿ ತಂಪಾಗುವುದು ನಿಧಾನವಾಗಿದೆಯೇ, ಕಚ್ಚಾವಸ್ತುವಿನ ಲಾಟ್ ಬದಲಾಗಿದೆಯೇ ಎಂದು ಆಗಲೇ ನೋಡಬೇಕು. ಗೆರೆಗಳೊಳಗಿನ ಸಣ್ಣ ಏರಿಳಿತಕ್ಕೆಲ್ಲ ತಾಪವನ್ನು ತಿದ್ದಲು ಹೋದರೆ ಮಾತ್ರ ಏರುಪೇರು ಇನ್ನಷ್ಟು ಹೆಚ್ಚುತ್ತದೆ.

ರಿಯಾಕ್ಟರಿನೊಳಗೇ ಕಲ್ಮಶವನ್ನು ಅಳೆಯುವ ಅವಕೆಂಪು (ಇನ್‌ಫ್ರಾರೆಡ್) ಶೋಧಕದಂಥ ದುಬಾರಿ ಉಪಕರಣದ ಮಾತು ಇದೆಲ್ಲ ಆದ ಮೇಲೆ. ಅದು ಕ್ಷಣಕ್ಷಣಕ್ಕೂ ಅಂಕಿ ಕೊಟ್ಟರೂ, ರಾತ್ರಿ ಪಾಳಿಯವರಿಗೆ ಮೇಲಿನವರನ್ನು ಕೇಳದೆ ತಂಪಿನ ಕವಾಟ ತೆರೆಯುವ ಅಧಿಕಾರವಿಲ್ಲದಿದ್ದರೆ ಬ್ಯಾಚ್ ಕೆಡುವುದನ್ನು ನೋಡುತ್ತ ಕೂರಬೇಕಾದೀತು.