ಚಳಿಗಾಲದಲ್ಲಿ ತುಡುವೆ ಪೆಟ್ಟಿಗೆಗೆ ಇಲಿ ನುಗ್ಗದಂತೆ ಏನು ಮಾಡಬೇಕು?

ಭತ್ತದ ಕೊಯ್ಲಾದ ಮೇಲೆ ತೋಟದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆಗಳಿಗೆ ಇಲಿ ನುಗ್ಗುತ್ತಿದೆ, ವಿದೇಶದ ವಿಡಿಯೊಗಳಲ್ಲಿ ತೋರಿಸುವಂತೆ ಬಾಗಿಲಿಗೆ ತೂತಿನ ತಗಡು ಹೊಡೆದರೆ ಸಾಕೇ ಎಂದು ಕೇಳಿದ್ದೀರಿ. ಹೊಸನಗರ ಸೀಮೆಯ ಅಡಿಕೆ ತೋಟದಲ್ಲಿ ಜೇನು ಸಾಕುತ್ತಿರುವ ನನ್ನ ಅಭಿಪ್ರಾಯದಲ್ಲಿ ತಗಡು ಬೇಕು, ಆದರೆ ಅದಕ್ಕಿಂತ ಮೊದಲು ಇಲಿ ಪೆಟ್ಟಿಗೆಯವರೆಗೆ ಹತ್ತದಂತೆ ನೋಡಿಕೊಳ್ಳಬೇಕು.

ಹಿಮ ಬೀಳುವ ದೇಶಗಳಲ್ಲಿ ಮೆಲ್ಲಿಫೆರಾ (ಯುರೋಪಿನ ಸಾಕು ಜೇನು) ಜೇನುನೊಣಗಳು ಎರಿಗಳ (ಜೇನು ಕಟ್ಟುವ ಮೇಣದ ತಟ್ಟೆಗಳ) ನಡುವೆ ಒತ್ತೊತ್ತಾಗಿ ಗುಂಪುಗೂಡಿ ಕುಳಿತು ಬಾಗಿಲು ಕಾಯುವುದನ್ನೇ ಬಿಡುವುದರಿಂದ ಇಲಿ ನಿರಾತಂಕವಾಗಿ ಒಳಸೇರುತ್ತದೆ. ನಮ್ಮಲ್ಲಿ ಪುಷ್ಯದ ಚಳಿಯಲ್ಲೂ ಬಿಸಿಲೇರಿದ ಮೇಲೆ ನೊಣಗಳು ಹಾರುತ್ತವೆ. ತುಂಬಿದ ಕುಟುಂಬದ ತಂಟೆಗೆ ಇಲಿ ಹೋಗುವುದು ಅಪರೂಪ. ಮಳೆಗಾಲದಲ್ಲಿ ಸೊರಗಿ ಇನ್ನೂ ಚೇತರಿಸಿಕೊಳ್ಳದ ಕುಟುಂಬ, ಅಥವಾ ಹೊಸದಾಗಿ ಪಾಲು ಮಾಡಿದ ಪೆಟ್ಟಿಗೆಯಲ್ಲಿ ನೊಣ ತುಂಬದೆ ಉಳಿದ ಬದಿ ಅದಕ್ಕೆ ಅನುಕೂಲ. ತಳಹಲಗೆಯ ಮೇಲೆ ಒರಟಾದ ಮೇಣದ ಪುಡಿ, ಒಣಹುಲ್ಲು, ಅಡಿಕೆ ಸಿಪ್ಪೆಯ ನಾರು, ಮೂತ್ರದ ಘಾಟು ಕಂಡರೆ ಅದು ಇಲಿಯದೇ ಕೆಲಸ. ಮೇಣದ ಪತಂಗದ ಹಾವಳಿಯಾದರೆ ಎರಿಯಲ್ಲಿ ಬಲೆಯಂತಹ ನೂಲು ಕಾಣಿಸುತ್ತದೆ.

ತುಡುವೆಯ ವಿಷಯದಲ್ಲಿ ತಡಮಾಡಬಾರದು. ಕಿರಿಕಿರಿ ಹೆಚ್ಚಾದರೆ ಅದು ಮರಿ, ಜೇನುತುಪ್ಪ ಎರಡನ್ನೂ ಬಿಟ್ಟು ಪರಾರಿಯಾಗುವ ಜಾತಿ. ಇಲಿ ಕಚ್ಚಿಸಿಕೊಂಡು ಒಳಗೇ ಸತ್ತರೆ, ಮೆಲ್ಲಿಫೆರಾ ನೊಣಗಳು ಮರದ ಅಂಟು ತಂದು ಹೆಣವನ್ನು ಮುಚ್ಚಿಬಿಡಬಲ್ಲವು; ತುಡುವೆ ಅಂಟು ತರುವುದಿಲ್ಲವಾದ್ದರಿಂದ ಅದನ್ನು ನಾವೇ ತೆಗೆಯಬೇಕು.

ಪೆಟ್ಟಿಗೆಯನ್ನು ಕಲ್ಲಿನ ಮೇಲೋ ಕಟ್ಟೆಯ ಮೇಲೋ ಇಡದೆ, ಸುಮಾರು ಎರಡು ಅಡಿ ಎತ್ತರದ ಒಂಟಿ ಕಂಬದ ಸ್ಟ್ಯಾಂಡಿನ ಮೇಲಿಡಿ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುತ್ತೇವಲ್ಲ, ಕಂಬಕ್ಕೂ ಹಾಗೆಯೇ ನುಣುಪಾದ ತಗಡು ಸುತ್ತಬೇಕು. ಇರುವೆಗೆಂದು ಇಡುವ ನೀರಿನ ಬಟ್ಟಲು ಇಲಿಯನ್ನು ತಡೆಯುವುದಿಲ್ಲ. ಪೆಟ್ಟಿಗೆಗೆ ತಾಗುವ ಕಾಳುಮೆಣಸಿನ ಬಳ್ಳಿ, ಕಾಫಿ ಗಿಡದ ರೆಂಬೆ, ಬಾಗಿದ ಸೋಗೆ ಯಾವುದನ್ನೂ ಉಳಿಸಬೇಡಿ. ಹುಲ್ಲಿನ ಬಣವೆಯ ಪಕ್ಕ ಪೆಟ್ಟಿಗೆ ಇಡುವುದಂತೂ ಇಲಿಗೆ ದಾರಿ ತೋರಿಸಿದಂತೆ.

ಅನಂತರ ತಗಡು. ಬಾಗಿಲಿನ ಎತ್ತರವನ್ನು ಸುಮಾರು 8 ಮಿಲಿಮೀಟರ್‌ಗೆ ಇಳಿಸಿದರೆ ಕೆಲಸಗಾರ ನೊಣ, ಗಂಡು ನೊಣ, ರಾಣಿ ಎಲ್ಲವೂ ಸರಾಗವಾಗಿ ಓಡಾಡುತ್ತವೆ, ಬೆಳೆದ ಇಲಿಯ ತಲೆ ಸಾಮಾನ್ಯವಾಗಿ ತೂರುವುದಿಲ್ಲ. ಬರಿಯ ಮರದ ಪಟ್ಟಿಯನ್ನು ಇಲಿ ಕಡಿದು ಅಗಲ ಮಾಡಿಕೊಳ್ಳುವುದರಿಂದ ಅಂಚಿಗೆ ತಗಡು ಬೇಕೇ ಬೇಕು. ಒಂದೊಂದು ನೊಣ ಮಾತ್ರ ನುಸುಳುವ ದುಂಡು ತೂತುಗಳಿಗಿಂತ ಉದ್ದನೆಯ ಸೀಳನ್ನೇ ನಾನು ಮೆಚ್ಚುತ್ತೇನೆ. ತೂತು ಬಿಗಿಯಾದರೆ ನೊಣದ ಕಾಲಿನ ಪರಾಗದ ಉಂಡೆ ತಗಲಿ ಉದುರುತ್ತದೆ. ತಗಡು ಹೊಡೆಯುವ ಮುನ್ನ ಚೌಕಟ್ಟುಗಳನ್ನೆಲ್ಲ ಎತ್ತಿ ನೋಡಿ, ಇಲಿ ಒಳಗೇ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಖಾಲಿ ಬದಿಗೆ ಅಡ್ಡಹಲಗೆ ಹಾಕಿ ಕುಟುಂಬವನ್ನು ಒತ್ತಾಗಿಸಿ. ಮೂತ್ರ ಹತ್ತಿದ ಎರಿಯನ್ನು ಕರಗಿಸಿ ಮೇಣ ಮಾಡುವುದೇ ಲೇಸು, ನೊಣಗಳು ಅದನ್ನು ಒಪ್ಪುವುದು ಕಷ್ಟ.

ಅಟ್ಟದಲ್ಲಿಡುವ ಖಾಲಿ ಎರಿಗಳನ್ನು ಮುಚ್ಚಳ ಬಿಗಿಯಾಗುವ ತಗಡಿನ ಡಬ್ಬದಲ್ಲಿಡಿ. ಇಲಿ ಪಾಷಾಣವನ್ನು ಮಾತ್ರ ತೋಟದಲ್ಲಿ ಇಡಬೇಡಿ. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕು, ಗೂಬೆಗಳೂ ಸಾಯಬಹುದು. ಅಂಟಿನ ಹಲಗೆಗೆ ನೊಣಗಳೂ ಸಿಕ್ಕಿಕೊಳ್ಳುತ್ತವೆ. ಅಗತ್ಯವೆನಿಸಿದರೆ ಸಾದಾ ಇಲಿಬೋನನ್ನು ಪೆಟ್ಟಿಗೆಯಿಂದ ದೂರ, ಬಣವೆಯ ಬುಡದಲ್ಲಿ ಇಟ್ಟರೆ ಸಾಕು.