ಎದೆಗೆ ಬಡಿದ ಚೆಂಡು ಮತ್ತು ಹೃದಯದ ಪೊಟ್ಯಾಸಿಯಂ ನಾಳಗಳು

ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಹೃದಯದ ಗೋಡೆ ಹಿಗ್ಗಿದಾಗ ತೆರೆದುಕೊಳ್ಳುವ ಪೊಟ್ಯಾಸಿಯಂ ನಾಳಗಳ (ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಸೂಕ್ಷ್ಮ ದ್ವಾರಗಳ) ಬಗ್ಗೆ ಕಳೆದ ಸಂಚಿಕೆಯ ಲೇಖನವನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಈ ನಾಳಗಳು ಹೃದಯವನ್ನು ಕಾಯುತ್ತವೆ ಎಂದ ಮೇಲೆ, ಎದೆಗೆ ಕ್ರಿಕೆಟ್ ಚೆಂಡು ಬಡಿದು ಆರೋಗ್ಯವಂತ ಹುಡುಗ ಕುಸಿಯುವುದರಲ್ಲಿ ಅವುಗಳ ಪಾತ್ರವಿದೆ ಎನ್ನುವುದು ಹೇಗೆ? ಎಳನೀರು ಹೆಚ್ಚು ಕುಡಿದರೆ ಅವು ಬಲಗೊಳ್ಳುತ್ತವೆಯೇ?

ಎಳನೀರಿನ ಮಾತನ್ನು ಮೊದಲು ಮುಗಿಸುತ್ತೇನೆ. ರಕ್ತದ ಪೊಟ್ಯಾಸಿಯಂ ಪ್ರಮಾಣವನ್ನು ಮೂತ್ರಪಿಂಡಗಳು ಹತೋಟಿಯಲ್ಲಿಡುವುದರಿಂದ ಎಳನೀರಿನಿಂದ ನಾಳಗಳು ಬಲಗೊಳ್ಳುವುದಿಲ್ಲ. ಮೂತ್ರಪಿಂಡ ದುರ್ಬಲವಾದವರಿಗಂತೂ ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಲಯಕ್ಕೇ ಅಪಾಯ ತಂದೀತು.

ನಿಮ್ಮ ಮೊದಲ ಪ್ರಶ್ನೆ ನಮ್ಮ ಲೇಖನ ಬಿಟ್ಟುಬಿಟ್ಟ ಜಾಗವನ್ನೇ ಮುಟ್ಟಿದೆ. ಹೃದಯಕೋಶದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚಿರುತ್ತದೆ. ನಾಳ ತೆರೆದರೆ ಅದು ಹೊರಕ್ಕೆ ಹರಿದು, ಮಿಡಿದ ಕೋಶ ವಿಶ್ರಾಂತಿಗೆ ಮರಳುತ್ತದೆ. ರಕ್ತ ತುಂಬಿ ಗೋಡೆ ಹಿಗ್ಗಿದಾಗ ಸೋಡಿಯಂ, ಕ್ಯಾಲ್ಸಿಯಂಗಳನ್ನು ಒಳಬಿಡುವ ಬೇರೆ ನಾಳಗಳೂ ತೆರೆದು ಕೋಶವನ್ನು ಕೆರಳಿಸುತ್ತವೆ. ಟ್ರೆಕ್-1 ಎಂಬ ಪೊಟ್ಯಾಸಿಯಂ ನಾಳ ಆ ಕೆರಳಿಕೆಯನ್ನು ತಗ್ಗಿಸುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹೃತ್ಕುಕ್ಷಿಯ (ಹೃದಯದ ಕೆಳಕೋಣೆಯ) ಲಯ ತಪ್ಪಿದ್ದ ರೋಗಿಯೊಬ್ಬರಲ್ಲಿ ಇದೇ ನಾಳದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಅದು ಸೋಡಿಯಮ್ಮನ್ನೂ ಒಳಬಿಡುತ್ತಿದ್ದುದನ್ನು, ಹಿಗ್ಗಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದನ್ನು 2017ರಲ್ಲಿ ವರದಿ ಮಾಡಲಾಯಿತು.

ಚೆಂಡಿನ ಏಟಿನಲ್ಲಿ ಸಂಶಯ ಬಿದ್ದಿರುವುದು ಇನ್ನೊಂದು ಪೊಟ್ಯಾಸಿಯಂ ನಾಳದ ಮೇಲೆ. 1983ರಲ್ಲಿ ಜಪಾನಿನ ಅಕಿನೋರಿ ನೋಮಾ ಹೃದಯಕೋಶದಲ್ಲಿ ಗುರುತಿಸಿದ ಈ ನಾಳವನ್ನು ಕೋಶದ ಶಕ್ತಿಮೂಲವಾದ ಎಟಿಪಿ ಮುಚ್ಚಿಟ್ಟಿರುತ್ತದೆ. ಆಮ್ಲಜನಕ ಸಾಲದೆ ಎಟಿಪಿ ಕುಗ್ಗಿದಾಗ ಅದು ತೆರೆದು, ಪ್ರತಿ ಮಿಡಿತದ ವಿದ್ಯುತ್ ಅವಧಿಯನ್ನು ಮೊಟಕುಗೊಳಿಸಿ, ಕೋಶದ ಶಕ್ತಿಯನ್ನು ಉಳಿಸುತ್ತದೆ. ಕೋಶಪೊರೆಯ ಸೆಳೆತಕ್ಕೂ ಅದು ತೆರೆಯಬಲ್ಲದು. ಹೃತ್ಕುಕ್ಷಿಯ ಕೆಲವು ಕೋಶಗಳು ಚೇತರಿಸಿಕೊಂಡು ಇನ್ನು ಕೆಲವು ಚೇತರಿಸಿಕೊಳ್ಳುತ್ತಿರುವ ಗಳಿಗೆಯಲ್ಲಿ ಏಟು ಬಿದ್ದರೆ, ಪೆಟ್ಟು ತಗುಲಿದ ಭಾಗ ಮಾತ್ರ ಮುಂದಿನ ಮಿಡಿತಕ್ಕೆ ಬೇಗ ಸಿದ್ಧವಾಗುತ್ತದೆ. ಆಗ ಏಟಿನಿಂದಲೇ ಹುಟ್ಟುವ ಅಕಾಲ ಮಿಡಿತ ಸಿದ್ಧವಾದ ಕಡೆ ಹಾದು, ಆಗದ ಕಡೆ ತಡೆದು, ಸುತ್ತು ಹಾಕುತ್ತ ಇಡೀ ಹೃದಯವನ್ನು ರಕ್ತ ಪಂಪ್ ಮಾಡಲಾಗದ ಅಸ್ತವ್ಯಸ್ತ ಕಂಪನಕ್ಕೆ ತಳ್ಳಬಹುದು. ಅಮೆರಿಕದ ಮಾರ್ಕ್ ಲಿಂಕ್ ಮತ್ತು ಸಂಗಡಿಗರು 1998ರಲ್ಲಿ ಹಂದಿಮರಿಗಳ ಮೇಲಿನ ಪ್ರಯೋಗದಲ್ಲಿ, ಇಸಿಜಿಯಲ್ಲಿ ಹೃತ್ಕುಕ್ಷಿಯ ಚೇತರಿಕೆಯನ್ನು ತೋರುವ ಟಿ ಅಲೆ ತುದಿ ಮುಟ್ಟುವ ಮುಂಚಿನ 15ರಿಂದ 30 ಮಿಲಿಸೆಕೆಂಡುಗಳನ್ನೇ ಈ ಅಪಾಯದ ಗಳಿಗೆ ಎಂದು ತೋರಿಸಿದರು. ಮರುವರ್ಷ, ಎಟಿಪಿ ನಾಳವನ್ನು ಮುಚ್ಚುವ ಗ್ಲಿಬೆನ್‌ಕ್ಲಮೈಡ್ ಕೊಟ್ಟಾಗ ಕಂಪನ ಕಡಿಮೆಯಾದದ್ದನ್ನೂ ಕಂಡರು. ಇದು ನಮ್ಮಲ್ಲಿ ಅನೇಕರು ಸಕ್ಕರೆ ಕಾಯಿಲೆಗೆ ನುಂಗುವ ಮಾತ್ರೆ; ಹಾಗೆಂದು ಆಟಗಾರರಿಗೆ ಕೊಡುವಂಥದ್ದಲ್ಲ, ಸಕ್ಕರೆ ಕುಸಿದು ಬೇರೆಯೇ ಅನಾಹುತವಾದೀತು.

ಅಂದರೆ ನಾಳ ಬದಲಾಗಿಲ್ಲ. ಅದು ಹೃದಯದ ಒಂದು ಮೂಲೆಯಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ತೆರೆದಿದೆ.

ಇಂಥ ಕುಸಿತವನ್ನು ಕಣ್ಣೆದುರು ಕಂಡವರು ಬಿಸಿಲು ಹೊಡೆಯಿತೆಂದು ನೀರು ಚಿಮುಕಿಸುತ್ತ ಕೂರಬಾರದು ಎಂಬುದು ನನ್ನ ಕಳಕಳಿಯ ಕೋರಿಕೆ. ಹುಡುಗ ಮಾತಿಗೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಲಿ. ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯವನ್ನು ಮರಳಿಸುವ ಯಂತ್ರವಾದ ಡಿಫಿಬ್ರಿಲೇಟರ್ ಎಲ್ಲಾದರೂ ಹತ್ತಿರದಲ್ಲಿದ್ದರೆ ಮೂರನೆಯವರು ಅದನ್ನು ತರಲು ಓಡಲಿ.