ಹನ್ನೆರಡು ವರ್ಷ ನಿಂತ ಪ್ರೀಮಿಯರ್ ಪದ್ಮಿನಿಯ ತುಕ್ಕನ್ನು ಮನೆಯಲ್ಲೇ ಸರಿಮಾಡಬಹುದೇ?

ಪ್ರಶ್ನೆ: ಉಡುಪಿಯಲ್ಲಿ ಅಪ್ಪನ 1986ರ ಪದ್ಮಿನಿ ಹನ್ನೆರಡು ವರ್ಷದಿಂದ ಶೆಡ್ಡಿನಲ್ಲಿದೆ. ಡ್ರೈವರ್ ಸೀಟಿನ ಮುಂದೆ ಕಾಲಿಟ್ಟರೆ ಫ್ಲೋರ್ ತೂತಾಗುತ್ತದೆ. ತಗಡು ಮುಚ್ಚಿ, ಪುಟ್ಟಿ ಹಾಕಿ, ಪೇಂಟ್ ಹೊಡೆದರೆ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ನಾನೇ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಪೇಂಟ್ ಡಬ್ಬಕ್ಕೆ ದುಡ್ಡು ಹಾಕುವ ಮೊದಲು ಕಾರಿನ ಕೆಳಗೆ ನುಗ್ಗಿ ನೋಡಿ. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಸಿಲ್ ಇದೆಯಲ್ಲ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುತ್ತಾರೆ, ಅದು ಕಾರಿನ ಬೆನ್ನೆಲುಬು. ಫ್ಲೋರಿನ ತೂತು ಕಣ್ಣಿಗೆ ಕಾಣುತ್ತದೆ, ಸಿಲ್ ಒಳಗಿನಿಂದ ತಿನ್ನಿಸಿಕೊಂಡದ್ದು ಕಾಣುವುದಿಲ್ಲ. ಫ್ಲೋರ್ ತೂತಾಗಿದ್ದರೆ ಪಕ್ಕದ ಸಿಲ್ ಬಹುಪಾಲು ಹೋಗಿರುತ್ತದೆ.

ಪರೀಕ್ಷೆಗೆ ಹಳೇ ಸ್ಕ್ರೂಡ್ರೈವರ್ ಮತ್ತು ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಸಾಕು. ಮ್ಯಾಗ್ನೆಟ್ ಹಿಡಿಯದ ಕಡೆ ಹಳೇ ಪುಟ್ಟಿ ಇದೆ. ಸಿಲ್‌ನ ಕೆಳ ಅಂಚು, ಜಾಕ್ ಹಾಕುವ ಜಾಗ, ಚಕ್ರದ ಮೇಲಿನ ಕಮಾನಿನಲ್ಲಿ ಕೆಸರು ಕೂರುವ ಮೂಲೆ, ಡಿಕ್ಕಿಯ ಫ್ಲೋರ್, ಹಿಂದಿನ ಲೀಫ್ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗ, ಇಷ್ಟನ್ನೂ ಜೋರಾಗಿ ಚುಚ್ಚಿ. ಸ್ಪ್ರಿಂಗ್ ಹಿಡಿದ ಜಾಗ ಮೆತ್ತಗಾಗಿದ್ದರೆ ಅದು ಹೊಸಬರ ಕೆಲಸವಲ್ಲ, ಅನುಭವಿ ವೆಲ್ಡರ್‌ಗೇ ಬಿಡಿ. ಬಾಗಿಲು ಮುಚ್ಚಿ ಸಂದುಗಳನ್ನೂ ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಬಾಡಿ ನಡುವೆ ಕುಸಿದಿರಬಹುದು. ಬಾಗಿಲನ್ನು ಎತ್ತಿದಾಗ ಕುಲುಕಿದರೆ ಮಾತ್ರ ಹಿಂಜ್ ಪಿನ್ನಿನ ಮೇಲೆ ಅನುಮಾನ ಪಡಿ.

ಕತ್ತರಿಸುವ ಮೊದಲು ಬ್ಯಾಟರಿ ತೆಗೆಯಿರಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದ ಆಚೆ ಇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ಇರುತ್ತದೆ. ಟ್ಯಾಂಕಿಗೆ ನೀವಂತೂ ವೆಲ್ಡಿಂಗ್ ಮಾಡಬೇಡಿ. ಕಾರನ್ನು ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ಮಟ್ಟಸವಾಗಿ ನಿಲ್ಲಿಸಿ. ಊರಲ್ಲಿ ಸುಲಭವಾಗಿ ಸಿಗುತ್ತದೆಂದು ಕೆಂಪುಕಲ್ಲು ಜೋಡಿಸಿ ಕೆಳಗೆ ಮಲಗಬೇಡಿ, ಅದು ಸದ್ದಿಲ್ಲದೆ ಒಡೆಯುತ್ತದೆ. ಬಾಗಿಲ ಚೌಕಟ್ಟಿಗೆ 25 ಎಂಎಂ ಚೌಕ ಪೈಪನ್ನು ಅಡ್ಡಲಾಗಿ ಟ್ಯಾಕ್ (ಚುಕ್ಕೆಯಷ್ಟೇ ಬೆಸುಗೆ) ಹಾಕಿ, ಅಳತೆ ಬರೆದಿಟ್ಟುಕೊಂಡು ಆಮೇಲೆ ಸಿಲ್ ಕತ್ತರಿಸಿ. ಒಂದು ಬದಿ ಪೂರ್ತಿ ಮುಗಿಸದೆ ಇನ್ನೊಂದು ಬದಿ ಮುಟ್ಟಬೇಡಿ. ಮೊದಲು ಸಿಲ್, ಆಮೇಲೆ ಫ್ಲೋರ್. ಈ ಕ್ರಮ ತಪ್ಪಿದರೆ ಬಾಡಿ ಸೊಟ್ಟಗಾದಲ್ಲೇ ಗಟ್ಟಿಯಾಗುತ್ತದೆ, ಮತ್ತೆ ಬಾಗಿಲು ಕೂರುವುದಿಲ್ಲ.

ತುಕ್ಕು ಮುಗಿದು ಹೊಳೆಯುವ ಲೋಹ ಸಿಗುವವರೆಗೆ, ಅದರಾಚೆ ಇನ್ನೂ ಒಂದು ಇಂಚು ಕತ್ತರಿಸಿ. ಫ್ಲೋರಿಗೆ 18 ಗೇಜ್, ಹೊರಗಿನ ಪ್ಯಾನೆಲ್‌ಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ತಗಡು ಕೇಳಿ. ಸತು ಲೇಪಿಸಿದ ಜಿಐ ತಗಡು ಬೇಡ: ಸತು ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ತೂತುತೂತಾಗುತ್ತದೆ. ಸಾಮಾನ್ಯ ಆರ್ಕ್ ವೆಲ್ಡಿಂಗ್ ಈ ದಪ್ಪವನ್ನು ಸುಟ್ಟು ಹಾಕುತ್ತದೆ. ಹಿತ್ತಾಳೆ ಬೆಸುಗೆ ಸಿಲ್‌ಗೆ ತಕ್ಕ ಬಲ ಕೊಡುವುದಿಲ್ಲ, ಅದರ ಫ್ಲಕ್ಸ್ ಉಳಿದುಕೊಂಡು ಕೆಳಗೆ ಹೊಸ ತುಕ್ಕು ಎಬ್ಬಿಸುತ್ತದೆ. ಬೇಕಾದದ್ದು ಗ್ಯಾಸ್ ಇರುವ, ತೆಳು ತಂತಿಯನ್ನು ತಾನೇ ತಳ್ಳುವ ಮಿಗ್ ವೆಲ್ಡಿಂಗ್ ಮೆಷಿನ್, 0.6 ಅಥವಾ 0.8 ಎಂಎಂ ತಂತಿ. ಒಂದಿಂಚಿಗೊಂದು ಟ್ಯಾಕ್ ಹಾಕುತ್ತಾ ಹೋಗಿ, ಎರಡರ ನಡುವೆ ಇನ್ನೊಂದು, ಪ್ರತಿಸಲ ದೂರದ ಜಾಗಕ್ಕೆ ಹಾರಿ. ಉದ್ದಕ್ಕೆ ಗೆರೆ ಎಳೆದರೆ ತಗಡು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಕೈ ಕೂರುವ ತನಕ ಅದೇ ಗೇಜಿನ ಚೂರುಗಳ ಮೇಲೆ ಅಭ್ಯಾಸ ಮಾಡಿ.

ತೂತಾಗದ, ಮೇಲ್ಮೈ ಮಾತ್ರ ಕೆಂಪಾದ ಕಡೆ ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜಿ, ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ. ಆಸಿಡ್ ಉಳಿದರೆ ಮೇಲೆ ಹಾಕುವ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ನೀರಿನಲ್ಲಿ ಒರೆಸಿ, ಬಿಸಿಗಾಳಿ ಹಾಯಿಸಿ, ಅದೇ ದಿನ ಪ್ರೈಮರ್ ಹಾಕಿ. ಉಡುಪಿಯ ಗಾಳಿಯಲ್ಲಿ ಬರೀ ಲೋಹ ಒಂದು ರಾತ್ರಿ ಉಳಿದರೂ ಬೆಳಿಗ್ಗೆ ಕೆಂಪು ಛಾಯೆ ಬರುತ್ತದೆ, ಹಾಗಾಗಿ ಒಂದು ದಿನದಲ್ಲಿ ಮುಗಿಯುವಷ್ಟನ್ನೇ ಬಿಚ್ಚಿ. ಕೆಲಸ ನವೆಂಬರಿನಿಂದ ಶುರುಮಾಡಿ, ಮಳೆಗಾಲದಲ್ಲಿ ಪೇಂಟಿನ ಯೋಚನೆಯೇ ಬೇಡ. ಬಾನೆಟ್, ಬಾಗಿಲಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಬೇಡಿ, ಚಪ್ಪಟೆ ತಗಡು ಉಬ್ಬಿಹೋಗುತ್ತದೆ.

ಬ್ರಾಕೆಟ್, ಹಿಂಜ್‌ನಂಥ ಚಿಕ್ಕ ಭಾಗಗಳಿಗೆ ಪ್ಲಾಸ್ಟಿಕ್ ಬಕೆಟ್ ಸಾಕು. 20 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ, ಹಳೇ ಟ್ರಾನ್ಸ್‌ಫಾರ್ಮರ್ ಮಾದರಿಯ 12 ವೋಲ್ಟ್ ಚಾರ್ಜರ್. ನೆಗೆಟಿವ್ ನಿಮ್ಮ ಭಾಗಕ್ಕೆ, ಪಾಸಿಟಿವ್ ಗುಜರಿ ಕಬ್ಬಿಣದ ಸರಳಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಸ್ಟೀಲ್ ಚಮಚ ಗಿಮಚ ಸರಳಿನ ಬದಲು ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಗುಳ್ಳೆ ಬರುವುದು ಹೈಡ್ರೋಜನ್, ಬಯಲಲ್ಲಿ ಇಡಿ, ಬೀಡಿ ದೂರ ಇರಲಿ. ಒಂದು ದಿನಕ್ಕೆ ತುಕ್ಕು ಕಪ್ಪು ಕೆಸರಾಗಿ, ಬ್ರಷ್ ಹಾಕಿದರೆ ಎದ್ದು ಬರುತ್ತದೆ. ಸ್ಪ್ರಿಂಗ್‌ಗಳಿಗೆ ಈ ಸ್ನಾನ ಬೇಡ, ಹೈಡ್ರೋಜನ್ ಸೇರಿ ಗಟ್ಟಿ ಉಕ್ಕು ಮುರುಕಲಾಗುತ್ತದೆ.

ಮನೆಗೆಲಸ ಹೆಚ್ಚಾಗಿ ಹಾಳಾಗುವುದು ಪುಟ್ಟಿಯಲ್ಲಿ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಬರೀ ಲೋಹದ ಮೇಲೆ ಅದನ್ನು ಹಚ್ಚಿ, ನೀರು ಹಾಕಿ ಉಜ್ಜಿದರೆ, ಆ ನೀರು ಒಳಗೇ ಉಳಿದು ಒಂದೆರಡು ಮಳೆಗಾಲದಲ್ಲಿ ಗುಳ್ಳೆಯಾಗಿ ಏಳುತ್ತದೆ. ಆದ್ದರಿಂದ ಮೊದಲು ಎರಡು ಕೋಟ್ ಟೂ-ಕೆ (ಹಾರ್ಡನರ್ ಬೆರೆಸಿ ಬಳಸುವ) ಎಪಾಕ್ಸಿ ಪ್ರೈಮರ್, ಒಂದು ರಾತ್ರಿ ಒಣಗಲು ಬಿಟ್ಟು, ಮಾರನೇ ದಿನ ತೆಳುವಾಗಿ ಉಜ್ಜಿ ಪುಟ್ಟಿ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಪೇಂಟಿನ ಮೇಲೆ ಕಲೆ ಹೊಮ್ಮುತ್ತದೆ. ದಪ್ಪ ಎರಡು ಎಂಎಂ ದಾಟಬಾರದು, ಅದಕ್ಕಿಂತ ಆಳ ಇದ್ದರೆ ಡೆಂಟ್ ಇನ್ನೂ ತೆಗೆಯಬೇಕು ಎಂದರ್ಥ. ಪುಟ್ಟಿ ಉಜ್ಜಲು 80, 180, 320 ನಂಬರಿನ ಸ್ಯಾಂಡ್ ಪೇಪರ್, ಮೂರನ್ನೂ ನೀರಿಲ್ಲದೆ ಒಣದಾಗಿಯೇ ಬಳಸಿ. ಟೂ-ಕೆ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಅಪಾಯಕಾರಿ ರಾಸಾಯನಿಕ ಇರುವ ಪೇಂಟ್ ಸ್ಪ್ರೇ ಮಾಡುವಾಗ ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ. ಆ ಕೊನೇ ಕೋಟನ್ನು ಪೇಂಟ್ ಬೂತ್ ಇರುವ ಕಡೆ ಮಾಡಿಸುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಪೇಂಟ್ ಆದ ಮೇಲೆ ಸಿಲ್ ಮತ್ತು ಬಾಗಿಲುಗಳ ಒಳಗೆ ಉದ್ದ ನಳಿಕೆಯಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಸಿಂಪಡಿಸಿ, ಕೆಳಗಿನ ತೂತುಗಳಿಂದ ತೊಟ್ಟಿಕ್ಕುವವರೆಗೆ. ಆಮೇಲೆ ಆ ತೂತುಗಳಿಗೆ ತಂತಿ ಹಾಯಿಸಿ ತೆರೆದಿಡಿ, ನೀರು ಹೊರಹೋಗುವ ದಾರಿ ಅದೇ. ಗಾಜಿನ ರಬ್ಬರ್ ಒಡೆದಿದ್ದರೆ ಬದಲಿಸಿ, ಫ್ಲೋರ್ ಕೊಳೆಯುವುದು ಹೆಚ್ಚಾಗಿ ಅಲ್ಲಿಂದ ಸೋರಿ ಮ್ಯಾಟ್ ಕೆಳಗೆ ನಿಂತ ನೀರಿನಿಂದ.

ಒಂದು ಮಾತು ಬಿಟ್ಟೆ. ಗ್ರೈಂಡರ್ ಹಿಡಿಯುವ ಮೊದಲೇ ಚಾಸಿ ನಂಬರ್ ಎಲ್ಲಿ ಪಂಚ್ ಆಗಿದೆ ಎಂದು ಹುಡುಕಿ, ಆರ್‌ಸಿ ಜೊತೆ ತಾಳೆ ನೋಡಿ, ಟೇಪ್ ಅಂಟಿಸಿ ಮುಚ್ಚಿ. ಆರ್‌ಸಿ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಫಾರಂ 25 ಹಾಕಿ ಆರ್‌ಟಿಓಗೆ ಗಾಡಿ ತೋರಿಸಬೇಕು, ಅಲ್ಲಿ ಈ ನಂಬರನ್ನೇ ನೋಡುತ್ತಾರೆ. ಅದು ಉಜ್ಜಿಹೋಗಿದ್ದರೆ ಎಷ್ಟು ಚಂದ ಪೇಂಟ್ ಹೊಡೆದರೂ ಕಾರು ರಸ್ತೆಗಿಳಿಯುವುದು ಕಷ್ಟ. ಬಣ್ಣ ಬದಲಿಸುವುದಾದರೆ ಅದನ್ನೂ ಆರ್‌ಸಿಗೆ ಸೇರಿಸಿಕೊಳ್ಳಿ.